ಬರೀ ಚಹಾದ ಮದುವೆ

ವೆರ್ಖ್ನಿ ಯಾರ್
8 ಸೆಪ್ಟೆಂಬರ್ 1985

ಪ್ರೀತಿಯ ವೇನ್ಯಾ,

ನಿನ್ನ ಸೋದರಸೊಸೆ ರಿಮ್ಮಾಳ ಮದುವೆ ನಿಶ್ಚಯವಾಯಿತು. ನವೆಂಬರ್ ಕೊನೆಯ ಶನಿವಾರ. ಹುಡುಗ ಸ್ಲಾವಾ ನಮ್ಮ ಮರ ಕೊಯ್ಯುವ ಕಾರ್ಖಾನೆಯಲ್ಲೇ ಎಲೆಕ್ಟ್ರಿಷಿಯನ್. ಮಾತು ಕಡಿಮೆ, ಊಟ ಜಾಸ್ತಿ. ನನಗಂತೂ ಇಂಥ ಅಳಿಯನೇ ಬೇಕಿತ್ತು.

ಮದುವೆ ನನ್ನ ಕ್ಯಾಂಟೀನಿನಲ್ಲಿ, ಇನ್ನೆಲ್ಲಿ! ಯುದ್ಧದ ಕಾಲದಲ್ಲಿ ಪಾತ್ರೆ ತೊಳೆಯಲು ಹೋದವಳು ಇವತ್ತು ಅದರ ಮುಖ್ಯಸ್ಥೆ. ಈ ಊರಿನ ಮದುವೆ ಊಟಕ್ಕೂ ಸಾವಿನ ಊಟಕ್ಕೂ ಉಪ್ಪು ನನ್ನ ಕೈಯದೇ. ಬಟಾಣಿ ಡಬ್ಬಿ, ಮೇಯನೇಸ್ ಜಾಡಿಗಳನ್ನು ಬೇಸಿಗೆಯಿಂದಲೇ ಒಂದೊಂದಾಗಿ ಕೂಡಿಹಾಕುತ್ತಿದ್ದೇನೆ. ಮಾಂಸದ ಖೊಲೊದೆತ್ಸ್ ಕುದಿಸಿ ತಣ್ಣಗೆ ಗಟ್ಟಿಯಾಗಿಸಲು ಬೇಕಾದ ಗೊರಸು ಕೊಡುತ್ತೇನೆಂದು ಕಟುಕರ ಅಂಗಡಿಯವನು ಮಾತು ಕೊಟ್ಟಿದ್ದಾನೆ. ನಿನಗೆಂದು ಉಪ್ಪು ಹೆರಿಂಗ್, ಅದರ ಮೇಲೆ ಹಸಿ ಈರುಳ್ಳಿ, ವಿನೆಗರ್. ಚಿಕ್ಕವನಿದ್ದಾಗ ಬಾಲದ ತುಂಡಿಗೆ ಅಳುತ್ತಿದ್ದೆಯಲ್ಲ, ಈಗ ಇಡೀ ಮೀನು ನಿನ್ನದೇ.

ಇನ್ನು ಕುಡಿತ ತಡೆಯಲು ಮೇ ತಿಂಗಳಲ್ಲಿ ಬಂದ ಹೊಸ ಕಾನೂನು. ಪಕ್ಷದ ಕಾರ್ಯದರ್ಶಿ ಶುಮಿಲೋವ್ ಕರೆಸಿ ಕೂರಿಸಿಕೊಂಡ.

“ಗ್ಲಾಫಿರಾ ಎಗೋರೊವ್ನಾ, ನಿಮ್ಮ ಮಗಳ ಮದುವೇಲಿ ಒಂದು ತೊಟ್ಟೂ ಇರಬಾರ್ದು. ಊರಿಗೆಲ್ಲಾ ನೀವೇ ಮಾದರಿ.”

“ಒಂದು ತೊಟ್ಟೂ ಇರಲ್ಲ. ಬರೀ ಚಹಾ” ಅಂದೆ.

“ಚಹಾ ಅಂದ್ರೆ ಚಹಾನೇ ತಾನೆ?”

“ನಮ್ಮ ಕೆಟಲಿಂದ ಬರೋದೆಲ್ಲಾ ಚಹಾನೇ ಕಣ್ರೀ.”

ಅವನು ಕೆಮ್ಮಿ ಕಿಟಕಿಯ ಕಡೆ ನೋಡಿದ. ಅವನೂ ಮದುವೆಗೆ ಬರುವವನೇ ಅಲ್ಲವೇ. ಕಾಗದದಲ್ಲಿ ಇದಕ್ಕಿಂತ ಬಿಡಿಸಿ ಬರೆಯಲಾರೆ, ಎಷ್ಟೋ ಕೈ ದಾಟಿ ಬರುತ್ತದೆ. ನೀನು ಓದಿದವನು, ಅರ್ಥ ಮಾಡಿಕೋ.

ಹೊಟ್ಟೆ ಖಾಲಿ ಇಟ್ಟುಕೊಂಡು ಬಾ. ಪತ್ರಿಕೆಗೆ ಬಸ್ ನಿಲ್ದಾಣದ ಬಗ್ಗೆ ಬರೆಯುವುದನ್ನು ಒಂದು ವಾರ ನಿಲ್ಲಿಸು, ನಿಲ್ದಾಣ ಎಲ್ಲಿಗೂ ಓಡಿಹೋಗುವುದಿಲ್ಲ.

ನಿನ್ನ ಅಕ್ಕ
ಗ್ಲಾಶಾ


ಸ್ವೆರ್ಡ್ಲೋವ್ಸ್ಕ್
2 ಅಕ್ಟೋಬರ್ 1985

ಪ್ರೀತಿಯ ಅಕ್ಕ,

ಸುದ್ದಿ ಓದಿ ಕಣ್ಣು ತುಂಬಿತು. ರಿಮ್ಮಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮೇ ದಿನದ ಮೆರವಣಿಗೆ ತೋರಿಸಿದ್ದು ನಿನ್ನೆ ಮೊನ್ನೆಯ ಹಾಗಿದೆ. ಖಂಡಿತ ಬರುತ್ತೇನೆ.

ಚಹಾದ ಮದುವೆ ಎಂದು ನೀನು ತೆಗೆದುಕೊಂಡ ತೀರ್ಮಾನ ನನಗೆ ಬಹಳ ಹಿಡಿಸಿತು. ಎಲ್ಲರೂ ಬಾಯಲ್ಲಿ ಹೂಂ ಎನ್ನುತ್ತಾರೆ, ಮಾಡಿ ತೋರಿಸುವವರು ಎಷ್ಟು ಜನ? ಅಪ್ಪ ಯಾವುದರಿಂದ ಹೋದರು ಎಂಬುದನ್ನು ನಾವಿಬ್ಬರೂ ಮರೆತಿಲ್ಲ. ನೀನು ಧೈರ್ಯವಂತೆ ಅಕ್ಕ. ಹೆಮ್ಮೆ ಎನಿಸಿತು.

ಆಲ್ಲಾ ವಿಚ್ಛೇದನ ಕೊಟ್ಟು ಹೋದ ಮೇಲೆ ನಾನು ಮನೆಯಲ್ಲಿ ಅಡುಗೆ ಮಾಡಿಕೊಳ್ಳುವುದಿಲ್ಲ. ಕಚೇರಿಯ ನಕ್ಷೆ ಕೆಲಸ ಮುಗಿಸಿ ಮೂಲೆಯ ಪಥ್ಯದ ಕ್ಯಾಂಟೀನಿಗೆ ಹೋಗುತ್ತೇನೆ. ಅಲ್ಲಿ ಸಾಲು ಚಿಕ್ಕದು, ಅದಕ್ಕೇ ಅಷ್ಟೆ. ಆವಿಯಲ್ಲಿ ಬೇಯಿಸಿದ ಕಟ್ಲೆಟ್, ಸೋಸಿದ ಸೂಪು. ನನಗೆ ರೂಢಿಯಾಗಿದೆ.

ನಿನ್ನ ವೇನ್ಯಾ


ಸ್ವೆರ್ಡ್ಲೋವ್ಸ್ಕ್
4 ಡಿಸೆಂಬರ್ 1985

ಪ್ರೀತಿಯ ಅಕ್ಕ,

ಸುಖವಾಗಿ ಬಂದು ಸೇರಿದೆ. ಹೋಗುವಾಗ ರೈಲಿನಲ್ಲಿ ಹಿಡಿದ ಶೀತ ಇನ್ನೂ ಬಿಟ್ಟಿಲ್ಲ, ಮೂಗು ಪೂರ್ತಿ ಕಟ್ಟಿದೆ. ಎರಡು ದಿನ ಕಚೇರಿಗೆ ರಜೆ ಹಾಕಿ ಮಲಗಿದ್ದೆ. ಶೀತಕ್ಕೇ ಅಷ್ಟೆ, ಗಾಬರಿಯಾಗಬೇಡ.

ಎಂಥ ಮದುವೆ ಮಾಡಿದೆ ಅಕ್ಕ! ಹೂರಣ ತುಂಬಿದ ಪಿರೋಗ್, ಎಲೆಕೋಸಿನ ಸುರುಳಿ, ಹೆರಿಂಗ್, ಎಲ್ಲವೂ ಒಂದಕ್ಕಿಂತ ಒಂದು ಚೆನ್ನ. ನಿನ್ನ ಚಹಾ ಅಂತೂ ಅದ್ಭುತ. ನನ್ನ ಮುಂದೆ ನೀನೇ ಕೈಯಾರೆ ಕೆಟಲ್ ತಂದಿಟ್ಟು ಕಣ್ಣು ಮಿಟುಕಿಸಿದೆಯಲ್ಲ, ಚಿಕ್ಕಂದಿನಲ್ಲಿ ಸಕ್ಕರೆ ತುಂಡು ಬಚ್ಚಿಟ್ಟು ಕೊಡುವಾಗ ಹೀಗೇ ಮಿಟುಕಿಸುತ್ತಿದ್ದೆ. ಕುಂಡದ ರಬ್ಬರ್ ಗಿಡದ ಪಕ್ಕ, ಗಾಳಿ ಇರುವ ಕಡೆ ಕೂರಿಸಿದ್ದಕ್ಕೂ ಕೃತಜ್ಞ.

ಆ ಸಂತೋಷ ಮರೆಯಲಾರೆ. ಅಷ್ಟು ಹೊತ್ತು ಯಾರೂ ಹಾಡು ನಿಲ್ಲಿಸಲಿಲ್ಲ. ಸ್ಲಾವಾನ ಅಜ್ಜ ಮಂಡಿ ಮಡಚಿ ಕುಣಿದರು, ಆ ವಯಸ್ಸಿನಲ್ಲಿ! ಅಕಾರ್ಡಿಯನ್ ನುಡಿಸುವವನು ದಣಿದು ಕುರ್ಚಿಯಿಂದಲೇ ಜಾರಿದ. ಶುಮಿಲೋವ್ ನನ್ನನ್ನು ತಬ್ಬಿಕೊಂಡು “ನೀನು ನನ್ನ ತಮ್ಮ ಕಣೋ, ಒಡಹುಟ್ಟಿದ ತಮ್ಮ!” ಎಂದು ಅತ್ತರು. ಅಮಲಿಲ್ಲದೆ ಮನುಷ್ಯ ಇಷ್ಟು ಹತ್ತಿರವಾಗಬಲ್ಲ ಎಂದು ಕಣ್ಣಾರೆ ಕಂಡೆ.

ನಿನ್ನ ವೇನ್ಯಾ


ವೆರ್ಖ್ನಿ ಯಾರ್
20 ಡಿಸೆಂಬರ್ 1985

ವೇನ್ಯಾ,

ನಿನ್ನ ಕಾಗದವನ್ನು ಕ್ಯಾಂಟೀನಿನ ಅಡುಗೆಮನೆಯಲ್ಲಿ ನನ್ನ ಸಹಾಯಕಿ ಫಯೀನಾಗೆ ಓದಿ ಹೇಳಿದೆ. “ಅಮಲಿಲ್ಲದೆ” ಎನ್ನುವಲ್ಲಿ ಅವಳು ಹಿಟ್ಟು ಕಲಸುವುದು ಬಿಟ್ಟು ಮೇಜಿಗೆ ಒರಗಿ ನಕ್ಕಳು. “ನಿಮ್ಮ ತಮ್ಮ ಎಂಥಾ ಕಿಲಾಡಿ ಅಕ್ಕಾ! ಅಂಚೆಯೋರು ಕಾಗದ ಒಡೆದು ನೋಡಿದ್ರೂ ಒಂದಕ್ಷರ ಸಿಗಲ್ಲ” ಅಂದಳು. ನಾನೂ ಅದನ್ನೇ ಹೇಳಿದೆ. ಸಣ್ಣವನಿದ್ದಾಗ ಒಂದು ಸುಳ್ಳು ಹೇಳಲು ಬಾರದೆ ಬೆವರುತ್ತಿದ್ದವನು ಈಗ ನೋಡು, ನೀಟಾಗಿ ಬರೆಯುತ್ತೀಯ. ಎರಡು ಕಪ್ ಇಳಿಸಿದ ಮೇಲೂ ನಿನ್ನ ಮುಖದಲ್ಲಿ ಒಂದಿಷ್ಟೂ ಬದಲಾವಣೆ ಇರಲಿಲ್ಲ. ನಾನು ಸಾಕಿದ ಹೊಟ್ಟೆ, ಕಲ್ಲನ್ನೂ ಅರಗಿಸುತ್ತದೆ.

ಆ ರಬ್ಬರ್ ಗಿಡಕ್ಕೆ ಏನೋ ಆಗಿದೆ, ಎಲೆಗಳೆಲ್ಲಾ ಉದುರುತ್ತಿವೆ. ಜನರ ಉಸಿರಿಗೆ ಇರಬೇಕು.

ನಮ್ಮ ಮದುವೆ ನೋಡಿ ಊರಿಗೆಲ್ಲಾ ಆಸೆ ಬಂದಿದೆ. ಫೆಬ್ರವರಿಯಲ್ಲಿ ಫೋರ್‌ಮನ್ ನೆಫ್ಯೋದೊವ್ ತನ್ನ ಮಗಳದನ್ನೂ ಹೀಗೇ ಮಾಡಿಸಿಕೊಡಿ ಎಂದು ಕೇಳಿಕೊಂಡಿದ್ದಾನೆ. “ಗ್ಲಾಫಿರಾ ಎಗೋರೊವ್ನಾ, ಚಹಾ ಮಾತ್ರ ನಿಮ್ಮ ಮನೆ ಮದುವೇದೇ ಆಗ್ಬೇಕು” ಅಂದ. ಒಳ್ಳೆಯ ಮನುಷ್ಯ, ಹೊಸ ಮನೆಯ ಪಟ್ಟಿಯಲ್ಲಿ ಈ ವರ್ಷ ಅವನ ಸರದಿ. ಒಪ್ಪಿಕೊಂಡೆ.

ಗ್ಲಾಶಾ


ಸ್ವೆರ್ಡ್ಲೋವ್ಸ್ಕ್
19 ಜನವರಿ 1986

ಪ್ರೀತಿಯ ಅಕ್ಕ,

ನಿನಗೊಂದು ಆಶ್ಚರ್ಯ! ಇದರೊಳಗೆ ಪತ್ರಿಕೆಯ ತುಂಡು ಇದೆ, ಹರಿಯದಂತೆ ತೆಗೆ. ಇಷ್ಟು ವರ್ಷ ಬರೆದರೂ ನನ್ನದು ಯಾವಾಗಲೂ ಕೊನೆಯ ಪುಟದ ಮೂಲೆಯಲ್ಲಿ ಬರುತ್ತಿತ್ತು. ಈ ಸಲ ಎರಡನೇ ಪುಟ, ಚೌಕಟ್ಟು ಹಾಕಿ. ಇಡೀ ಪ್ರಾಂತ್ಯ ಓದುತ್ತದೆ. ಅಚ್ಚಿನ ಅಕ್ಷರ ತೀರಾ ಸಣ್ಣದು, ಅದಕ್ಕೆ ಮುಖ್ಯ ಭಾಗ ಇಲ್ಲೇ ಬರೆಯುತ್ತೇನೆ.

“ವೆರ್ಖ್ನಿ ಯಾರ್ ಊರಿನ ಕಾರ್ಖಾನೆ ಕ್ಯಾಂಟೀನಿನಲ್ಲಿ ಗೌರವಾನ್ವಿತ ಕೆಲಸಗಾರ್ತಿ ಗ್ಲಾಫಿರಾ ಎಗೋರೊವ್ನಾ ನಡೆಸಿಕೊಟ್ಟ ಮದುವೆಯಲ್ಲಿ ಮೇಜಿನ ಮೇಲೆ ಇದ್ದದ್ದು ಚಹಾ ಮಾತ್ರ. ಆದರೆ ಅಲ್ಲಿ ಕಂಡ ಉತ್ಸಾಹ ಯಾವ ಬಾಟಲಿಯೂ ಕೊಡಲಾರದು. ಆ ಚಹಾದ ಗುಟ್ಟನ್ನು ಕಲಿಯಲು ಬೇರೆ ಊರುಗಳ ಕ್ಯಾಂಟೀನುಗಳು ಅಲ್ಲಿಗೆ ಹೋಗಿ ಬರಬೇಕು.”

ಪ್ರಾಂತ್ಯದ ಪಾನನಿರೋಧ ಸಂಘದವರು ಓದಿ ಪತ್ರಿಕೆಗೆ ಫೋನ್ ಮಾಡಿದ್ದರಂತೆ. ಅನುಭವ ಹಂಚಿಕೊಳ್ಳಲು ಒಂದು ತಂಡ ಕಳಿಸುತ್ತಾರಂತೆ. ಮುಂದಿನ ಮದುವೆ ಯಾವಾಗ ಎಂದು ನನ್ನನ್ನೇ ಕೇಳಿದರು, ಫೆಬ್ರವರಿ ಎಂದೆ. ನಿನಗೆ ಬಿರುದು ಬಂದರೂ ಬರಬಹುದು.

ನನ್ನನ್ನು ಬೆಳೆಸಿದ್ದಕ್ಕೆ ಇಷ್ಟಾದರೂ ಮಾಡಿದೆನಲ್ಲ ಎಂಬ ತೃಪ್ತಿ ನನಗೆ.

ನಿನ್ನ ವೇನ್ಯಾ


ಸ್ವೆರ್ಡ್ಲೋವ್ಸ್ಕ್
13 ಏಪ್ರಿಲ್ 1986

ಪ್ರೀತಿಯ ಅಕ್ಕ,

ನಿನ್ನ ಹುಟ್ಟುಹಬ್ಬಕ್ಕೆ ಕಳಿಸಿದ ಕಾರ್ಡು ಸಿಕ್ಕಿತೇ? ಫೆಬ್ರವರಿಯಲ್ಲಿ ಬರೆದ ಕಾಗದಕ್ಕೂ ಉತ್ತರವಿಲ್ಲ. ರಿಮ್ಮಾಗೆ ಬರೆದೆ, ಅವಳು “ಅಮ್ಮ ಆರೋಗ್ಯವಾಗಿದ್ದಾಳೆ ಮಾವ” ಎಂದು ಒಂದೇ ಸಾಲು ಬರೆದಳು. ಸಂಘದ ತಂಡ ಬಂದಿತ್ತೇ? ಪತ್ರಿಕೆಯಲ್ಲಿ ಏನೂ ಬರಲಿಲ್ಲ. ಪ್ರಶಸ್ತಿಯ ಗಡಿಬಿಡಿಯಲ್ಲಿ ತಮ್ಮನನ್ನು ಮರೆತೆಯೋ ಎಂದು ತಮಾಷೆಗೆ ಕೇಳುತ್ತಿದ್ದೇನೆ.

ಒಂದು ಸಾಲು ಹಾಕು. ನಿನ್ನ ಕಾಗದ ಇಲ್ಲದೆ ಸಂಜೆ ಕಳೆಯುವುದು ಕಷ್ಟ.

ವೇನ್ಯಾ


ವೆರ್ಖ್ನಿ ಯಾರ್
7 ಜೂನ್ 1986

ವೆನಿಯಾಮಿನ್ ಎಗೋರೊವಿಚ್,

ನಿಮ್ಮ ಲೇಖನ ಓದಿದೆ. ಊರೆಲ್ಲಾ ಓದಿತು. ಇನ್ನು ನನಗೆ ಬರೆಯುವುದು ಬೇಡ.

ಗ್ಲಾಫಿರಾ


ಸ್ವೆರ್ಡ್ಲೋವ್ಸ್ಕ್
22 ಜೂನ್ 1986

ಪ್ರೀತಿಯ ಅಕ್ಕ,

ನೀನು ನನಗೆ ‘ನಿಮ್ಮ’ ಎಂದು ಬರೆದ ಕಾಗದವನ್ನು ಎಷ್ಟು ಸಲ ಓದಿದೆನೋ. ಮೊದಲು ಏನೂ ತಿಳಿಯಲಿಲ್ಲ, ಆಮೇಲೆ ಹೊಳೆಯಿತು. ನಾನು ಮೂರ್ಖ! ನೀನು ಕ್ಯಾಂಟೀನಿನ ಮುಖ್ಯಸ್ಥೆ, ನಾನು ಬರೀ ‘ಕೆಲಸಗಾರ್ತಿ’ ಎಂದು ಬರೆದುಬಿಟ್ಟೆ. ಅಷ್ಟು ವರ್ಷ ದುಡಿದು ಏರಿದ ಸ್ಥಾನ ಅದು. ಯಾರಿಗಾದರೂ ನೋವಾಗುತ್ತದೆ.

ಇವತ್ತೇ ಪತ್ರಿಕೆಗೆ ಹೋಗಿ ತಿದ್ದುಪಡಿ ಬರೆದುಕೊಟ್ಟೆ. ಸಂಘದವರಿಗೂ ಬರೆದಿದ್ದೇನೆ. ಮೊದಲ ತಂಡ ಏನಾಯಿತೋ ಗೊತ್ತಿಲ್ಲ, ಇನ್ನೊಂದು ತಂಡವನ್ನಾದರೂ ಕಳಿಸಿ, ಫೋಟೋಗ್ರಾಫರ್ ಜೊತೆಗಿರಲಿ ಎಂದು. ಕೋಪ ಬಿಡು ಅಕ್ಕ.

ವೇನ್ಯಾ


ವೆರ್ಖ್ನಿ ಯಾರ್
1 ಸೆಪ್ಟೆಂಬರ್ 1986

ಇನ್ನೊಂದು ತಂಡ! ನಿನ್ನ ನಾಲಗೆಗೆ ಇನ್ನೂ ಸಾಕಾಗಲಿಲ್ಲವೇ?

ಮೊದಲ ತಂಡದಲ್ಲೂ ಫೋಟೋಗ್ರಾಫರ್ ಇದ್ದ. ಕೇಳು. ನೆಫ್ಯೋದೊವ್ ಮಗಳ ಮದುವೆ, ಅರ್ಧ ಊಟ ಆಗಿದೆ. ಬಾಗಿಲು ತೆರೆದು ಸಂಘದ ಅಧ್ಯಕ್ಷೆ ಹೂಗುಚ್ಛ ಹಿಡಿದು ನಗುತ್ತಾ ಬಂದಳು. ನಾನು ಕೆಟಲ್ ಎತ್ತಿಕೊಂಡು ಒಳಗೆ ಓಡುವಷ್ಟರಲ್ಲಿ ಅವಳು ಕೈ ಹಿಡಿದುಕೊಂಡಳು.

“ಇದೇನಾ ಗ್ಲಾಫಿರಾ ಎಗೋರೊವ್ನಾ, ಪತ್ರಿಕೇಲಿ ಬಂದ ಚಹಾ? ನಮಗೂ ಒಂದು ಲೋಟ ಹಾಕಿ.”

“ಆರಿಹೋಗಿದೆ. ಬಿಸಿ ಮಾಡ್ಕೊಂಡು ತರ್ತೀನಿ, ಕೂತ್ಕೊಳ್ಳಿ.”

“ಆರಿದ್ರೂ ಪರ್ವಾಗಿಲ್ಲ. ಗುಟ್ಟು ಕಲಿಯೋಕೇ ಬಂದಿರೋದು ನಾವು.”

ಫೋಟೋಗ್ರಾಫರ್ “ಹಾಗೇ ಇರಿ, ಹಾಗೇ ಇರಿ” ಎನ್ನುತ್ತಿದ್ದ. ಅವಳು ಒಂದು ದೊಡ್ಡ ಗುಟುಕು ಕುಡಿದಳು. ಆರ್ಮೇನಿಯಾದ ಬ್ರಾಂದಿ, ನಿನಗೆ ಕೊಟ್ಟದ್ದೇ. ಆಮೇಲೆ ಆ ಹೆಂಗಸು ಮೇಜಿಂದ ಮೇಜಿಗೆ ಹೋಗಿ ಎಲ್ಲ ಕೆಟಲುಗಳ ಮುಚ್ಚಳ ತೆಗೆದು ಮೂಸಿದಳು. ಮದುಮಗಳು ಮುಸುಕಿನಲ್ಲೇ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ರಿಮ್ಮಾಳ ಮದುವೆಯಲ್ಲಿ ನಿನ್ನನ್ನು ತಬ್ಬಿ ಅತ್ತಿದ್ದ ಶುಮಿಲೋವ್ ಎದ್ದು ನಿಂತು “ಸಂಗಾತಿಗಳೇ, ನನಗೆ ಆಘಾತವಾಗಿದೆ” ಎಂದ. ಅವನ ಲೋಟವೂ ತುಂಬಿತ್ತು.

ನೆಫ್ಯೋದೊವ್‌ನನ್ನು ಪಕ್ಷದಿಂದ ತೆಗೆದರು, ಮನೆಯ ಪಟ್ಟಿಯಿಂದಲೂ ಹೊಡೆದುಹಾಕಿದರು. ಇನ್ನೂ ಬ್ಯಾರಕ್ಕಿನ ಒಂದೇ ಕೋಣೆಯಲ್ಲಿದ್ದಾನೆ, ಮಗಳು ಅಳಿಯನ ಜೊತೆ. ದಾರಿಯಲ್ಲಿ ಸಿಕ್ಕರೆ ನಾನೇ ರಸ್ತೆಯ ಆಚೆ ಬದಿಗೆ ಹೋಗುತ್ತೇನೆ. ಫಯೀನಾ ಊರು ಬಿಟ್ಟಳು. ನಾನು ರೈಲು ನಿಲ್ದಾಣದಲ್ಲಿ ತಳ್ಳುಗಾಡಿ ಇಟ್ಟುಕೊಂಡು ಬೇರೆ ಯಾರೋ ಕರಿದ ಪಿರೋಷ್ಕಿ ಮಾರುತ್ತೇನೆ. ಒಳಗೆ ಆಲೂಗಡ್ಡೆ ಹಳಸಿದ್ದರೂ ನಾನು ಮಾತಾಡುವಂತಿಲ್ಲ. ಕ್ಯಾಂಟೀನಿನ ಮುಂದೆ ಹಾದುಹೋದರೆ ಎಲೆಕೋಸಿನ ಸೂಪು ಹೊತ್ತಿದ ವಾಸನೆ ಬರುತ್ತದೆ. ಒಳಗೆ ಹೋಗಿ ಒಲೆ ಆರಿಸಲು ನನಗೆ ಹಕ್ಕಿಲ್ಲ.

ನಿನಗೆ ಗೊತ್ತಿರಲಿಲ್ಲ ಎಂದು ಮಾತ್ರ ಬರೆಯಬೇಡ. ಎರಡು ಕಪ್ ನನ್ನ ಕಣ್ಣೆದುರೇ ಖಾಲಿಯಾಯಿತು. ಅದ್ಭುತ ಎಂದು ನೀನೇ ಬರೆದೆ. ಕುಡಿದು, ಬಾಯಿ ಒರೆಸಿಕೊಂಡು, ಹೋಗಿ ಪತ್ರಿಕೆಗೆ ಹಾಕಿದೆ. ಎರಡನೇ ಪುಟದಲ್ಲಿ ಹೆಸರು ಬರಬೇಕೆಂದು ಸ್ವಂತ ಅಕ್ಕನನ್ನು ಗೇಲಿ ಮಾಡಿದೆ. ನನ್ನ ಪಾಲಿನ ಬ್ರೆಡ್ಡು ನಿನಗೆ ತಿನ್ನಿಸಿದ್ದು ಇದಕ್ಕೇ ಏನೋ!

ನಿನ್ನಿಂದ ಬರುವ ಕಾಗದ ಇನ್ನು ಮೇಲೆ ಒಡೆಯುವುದಿಲ್ಲ.


ಸ್ವೆರ್ಡ್ಲೋವ್ಸ್ಕ್
10 ಸೆಪ್ಟೆಂಬರ್ 1986

ಅಕ್ಕ,

ಒಡೆಯುವುದಿಲ್ಲ ಎಂದಿದ್ದೀಯ. ಒಡೆ. ಇದೊಂದನ್ನು ಒಡೆ.

ನಾನು ನಿನ್ನ ಚಹಾ ಕುಡಿಯಲೇ ಇಲ್ಲ. ಎರಡು ಕಪ್ಪನ್ನೂ ರಬ್ಬರ್ ಗಿಡದ ಕುಂಡಕ್ಕೆ ಸುರಿದೆ. ಮೂಗು ಕಟ್ಟಿತ್ತು, ವಾಸನೆಯೂ ತಿಳಿಯಲಿಲ್ಲ. ನನ್ನ ಹೊಟ್ಟೆಯಲ್ಲಿ ಹುಣ್ಣಿದೆ ಅಕ್ಕ, ಆಲ್ಲಾ ಹೋದ ವರ್ಷದಿಂದಲೂ ಇದೆ. ಕಡು ಚಹಾ, ಹುಳಿ, ಖಾರ, ಕರಿದದ್ದು ಯಾವುದೂ ಕೂಡದು ಎಂದಿದ್ದಾರೆ. ಪಥ್ಯದ ಕ್ಯಾಂಟೀನಿಗೆ ಹೋಗುವುದು ಸಾಲು ಚಿಕ್ಕದೆಂದಲ್ಲ.

ನಿನಗೆ ಯಾಕೆ ಹೇಳಲಿಲ್ಲ? ಪ್ರತಿ ಹಬ್ಬದಲ್ಲೂ ನೀನು “ನಾನು ಸಾಕಿದ ಹೊಟ್ಟೆ” ಎಂದು ಎಲ್ಲರ ಮುಂದೆ ಹೇಳಿಕೊಂಡು ನಗುತ್ತಿದ್ದೆ. ಆ ಹೊಟ್ಟೆ ಕೆಟ್ಟಿದೆ ಎಂದು ಹೇಗೆ ಹೇಳಲಿ? ಯುದ್ಧಕಾಲದಲ್ಲಿ ತಾನು ತಿನ್ನಿಸಿದ ಆಲೂಗಡ್ಡೆ ಸಿಪ್ಪೆಯಿಂದ ಆಯಿತೇನೋ ಎಂದು ನೀನು ಕೊರಗುತ್ತೀಯ ಎಂದು ಬಾಯಿ ಮುಚ್ಚಿಕೊಂಡೆ. ಚಹಾವನ್ನೇನೋ ಗಿಡಕ್ಕೆ ಸುರಿಯಬಹುದಿತ್ತು, ಹೆರಿಂಗನ್ನು ಎಲ್ಲಿ ಸುರಿಯಲಿ? ನೀನು ಎದುರಿಗೇ ನಿಂತು ನೋಡುತ್ತಿದ್ದೆ. ತಿಂದೆ. ವಾಪಸು ಬರುವಾಗ ರೈಲಿನಲ್ಲಿ ರಕ್ತ ಕಾರಿದೆ. ಶೀತಕ್ಕೆ ಮಲಗಿದ್ದೆ ಎಂದು ಬರೆದೆ.

ಆಮೇಲೆ ಆ ಲೇಖನ. ನಿನ್ನ ಮೊದಲ ಕಾಗದವನ್ನು ಈಗ ಮತ್ತೆ ಓದಿದರೆ ಎಲ್ಲವೂ ಬಿಡಿಸಿ ಹೇಳಿದಷ್ಟೇ ಸ್ಪಷ್ಟವಾಗಿದೆ. ಊರಿಗೆಲ್ಲಾ ತಿಳಿದದ್ದು ನನಗೊಬ್ಬನಿಗೆ ತಿಳಿಯಲಿಲ್ಲ. ಅಲ್ಲಿ ಕಂಡದ್ದನ್ನೆಲ್ಲಾ ನಾನು ನಿಜವೆಂದೇ ನಂಬಿ ಬರೆದೆ ಅಕ್ಕ. ಗೇಲಿ ಮಾಡುವಷ್ಟು ಬುದ್ಧಿ ನನಗೆಲ್ಲಿದೆ?

ಕೊನೆಗೆ ಒಂದು ಮಾತು. ಹುಣ್ಣು ಹೆಚ್ಚಾಗಿದೆ. ಅಕ್ಟೋಬರಿನಲ್ಲಿ ಆಪರೇಷನ್ ಮಾಡಿಸಿಕೊಳ್ಳಿ ಎನ್ನುತ್ತಿದ್ದಾರೆ. ಡಾಕ್ಟರ್ ಕೇಳಿದರು:

“ಆಮೇಲೆ ಒಂದೆರಡು ತಿಂಗಳು ಹೊತ್ಹೊತ್ತಿಗೆ ಬೇಯ್ಸಿ ಹಾಕೋರು ಯಾರಿದಾರೆ ನಿಮ್ಗೆ? ಕ್ಯಾಂಟೀನ್ ಊಟಕ್ಕೆ ಬಿಡಲ್ಲ ನಾನು.”

“ಅಕ್ಕ ಇದಾಳೆ” ಎಂದೆ. ಬಾಯಿಂದ ಬಂದುಬಿಟ್ಟಿತು.

ಬರುತ್ತೀಯಾ? ಉತ್ತರ ಬರದಿದ್ದರೆ ಬರುವುದಿಲ್ಲ ಎಂದು ತಿಳಿದುಕೊಳ್ಳುತ್ತೇನೆ. ನನ್ನದೇನೂ ಒತ್ತಾಯವಿಲ್ಲ.

ವೇನ್ಯಾ


ಸ್ವೆರ್ಡ್ಲೋವ್ಸ್ಕ್
26 ಡಿಸೆಂಬರ್ 1986

ಪ್ರೀತಿಯ ಅಕ್ಕ,

ಹೊಸ ವರ್ಷದ ಶುಭಾಶಯ. ರಿಮ್ಮಾ ಬಸುರಿ ಎಂದು ಕೇಳಿ ಸಂತೋಷವಾಯಿತು.

ಉತ್ತರ ಬರಲಿಲ್ಲ, ಅರ್ಥ ಮಾಡಿಕೊಂಡೆ. ಆಪರೇಷನ್ ಮುಂದಕ್ಕೆ ಹಾಕಿಸಿಕೊಂಡಿದ್ದೇನೆ. ಅವಸರವೇನಿಲ್ಲ, ಬೇಸಿಗೆಯಲ್ಲಿ ನೋಡೋಣ.

ನೆಫ್ಯೋದೊವ್ ವಿಚಾರವಾಗಿ ಪ್ರಾಂತ್ಯದ ಕಚೇರಿಗೆ ಹೋಗಿದ್ದೆ. ತಪ್ಪು ನನ್ನ ಲೇಖನದ್ದು, ಅವರ ಮನೆಯ ಸರದಿ ವಾಪಸು ಕೊಡಿ ಎಂದು ಕೇಳಿದೆ. ಅಲ್ಲಿನವರು “ಆ ಮೊದಲ್ನೇ ಮದುವೇಲಿ ನೀವು ಕುಡಿದಿದ್ರಾ?” ಎಂದರು. “ಇಲ್ಲ” ಎಂದೆ. “ಮತ್ತೆ ನಿಮಗೇನು ಗೊತ್ತು? ಹೋಗ್ರೀ” ಎಂದರು. ಪತ್ರಿಕೆಯವರು ನಾನು ಇನ್ನು ಏನೂ ಕಳಿಸುವುದು ಬೇಡ ಎಂದರು. ಅದು ಸರಿಯೇ. ನನಗೂ ಈಗ ಏನನ್ನಾದರೂ ನೋಡಿದರೆ ಬರೆಯಲು ಭಯವಾಗುತ್ತದೆ, ನಾನು ನೋಡಿದ್ದು ನಿಜವೋ ಅಲ್ಲವೋ ಎಂದು.

ನಿಲ್ದಾಣದಲ್ಲಿ ಚಳಿಗಾಳಿ ಇರುತ್ತದೆ. ಎರಡು ಜೊತೆ ಕಾಲುಚೀಲ ಹಾಕಿಕೋ.

ವೇನ್ಯಾ


ಸ್ವೆರ್ಡ್ಲೋವ್ಸ್ಕ್, ಆಸ್ಪತ್ರೆ
3 ಮಾರ್ಚ್ 1987

ಪ್ರೀತಿಯ ಅಕ್ಕ,

ನಾನು ಹೇಳುತ್ತಿದ್ದೇನೆ, ಪಕ್ಕದ ಮಂಚದ ಲುಕ್ಯಾನ್ ಬರೆಯುತ್ತಿದ್ದಾರೆ. ಕಚೇರಿಯಲ್ಲಿ ಕೂತಿದ್ದಾಗ ಹುಣ್ಣು ಒಡೆಯಿತು, ಅಲ್ಲಿಂದಲೇ ಕರೆತಂದು ಆಪರೇಷನ್ ಮಾಡಿದರು. ಹೊಟ್ಟೆಯ ಬಹುಭಾಗ ತೆಗೆದಿದ್ದಾರೆ. ಈಗ ಪರವಾಗಿಲ್ಲ. ನೀನು ಬರಬೇಕಾಗಿಲ್ಲ, ಜ್ವರದ ಕಾಯಿಲೆ ಹರಡಿದೆ ಎಂದು ಯಾರನ್ನೂ ಒಳಗೆ ಬಿಡುತ್ತಿಲ್ಲ. ತಿಳಿಸಬೇಕು ಅನ್ನಿಸಿತು, ತಿಳಿಸಿದೆ.

ವೇನ್ಯಾ

ಅಕ್ಕೋರೆ, ಇದು ನಾನು ಲುಕ್ಯಾನ್, ಟ್ರಾಮ್ ಓಡ್ಸೋನು. ಪರ್ವಾಗಿಲ್ಲ ಅಂತ ಬರೆಸ್ತಿದಾರೆ, ನಂಬ್ಬೇಡಿ, ಸ್ಥಿತಿ ಚೆನ್ನಾಗಿಲ್ಲ. ಜ್ವರದಲ್ಲಿ ನಿಮ್ಮನ್ನೇ ಕರೀತಾರೆ. ಜಗಳ ಆಗಿದ್ರೆ ಆಮೇಲೆ ಆಡ್ಕೊಳ್ಳಿ, ಈಗ ಬನ್ನಿ.


ಸ್ವೆರ್ಡ್ಲೋವ್ಸ್ಕ್, ಆಸ್ಪತ್ರೆಯ ಕೆಳಗಿನ ಕಿಟಕಿ
9 ಮಾರ್ಚ್ 1987

ವೇನ್ಯಾ,

ನಾನು ಕೆಳಗಿದ್ದೇನೆ. ಒಳಗೆ ಬಿಡುವುದಿಲ್ಲವಂತೆ. ಬುತ್ತಿ ತೆಗೆದುಕೊಳ್ಳುವ ಈ ಕಿಟಕಿಯಲ್ಲಿ ಡಬ್ಬಿಯ ಜೊತೆ ಒಂದು ಚೀಟಿ ಕಳಿಸಬಹುದು ಎಂದರು, ಗೋಡೆಗೆ ಕಾಗದ ಹಿಡಿದು ಬರೆಯುತ್ತಿದ್ದೇನೆ.

ಲಕೋಟೆಯ ಮೇಲೆ ಬೇರೆಯವರ ಅಕ್ಷರ ಇತ್ತು, ಅದಕ್ಕೇ ಒಡೆದೆ. ನಿನ್ನ ಕೈಬರಹವಿದ್ದಿದ್ದರೆ ಅದನ್ನೂ ಒಡೆಯುತ್ತಿರಲಿಲ್ಲ, ದೇವರಾಣೆ ಒಡೆಯುತ್ತಿರಲಿಲ್ಲ. ಆಮೇಲೆ ಕಪಾಟಿನ ಉಪ್ಪಿನ ಡಬ್ಬಿಯ ಹಿಂದೆ ತುರುಕಿದ್ದನ್ನೆಲ್ಲಾ ತೆಗೆದು ಓದಿದೆ. ಸೆಪ್ಟೆಂಬರಿನಿಂದ ಅಲ್ಲೇ ಬಿದ್ದಿತ್ತು. ದಿನಾ ಅಡುಗೆಗೆ ಉಪ್ಪು ತೆಗೆಯುವಾಗ ಅದರ ಅಂಚು ಕಾಣುತ್ತಿತ್ತು. ಬಿದ್ದಿರಲಿ, ಒದ್ದಾಡಲಿ ಎಂದು ನನ್ನಷ್ಟಕ್ಕೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದರೊಳಗೆ ನೀನು “ಬರುತ್ತೀಯಾ” ಎಂದು ನನ್ನನ್ನು ಕೇಳಿ ಕೂತಿದ್ದೆ.

ಅಕ್ಟೋಬರಿನಲ್ಲಿ ನಾನು ಬಂದಿದ್ದರೆ ಹೀಗಾಗುತ್ತಿರಲಿಲ್ಲ. ಬಾಗಿಲ ಬಳಿ ಡಾಕ್ಟರನ್ನು ಹಿಡಿದು ಕೇಳಿದೆ, ಅವರೂ ಇಲ್ಲ ಎನ್ನಲಿಲ್ಲ. ಈ ಮಾತನ್ನು ನಾನು ಎಲ್ಲಿ ಹೋಗಿ ಇಡಲಿ ವೇನ್ಯಾ? ಕ್ಯಾಂಟೀನ್ ಹೋಯಿತೆಂದು ಒಂದು ವರ್ಷ ಅತ್ತೆ. ಕ್ಯಾಂಟೀನು ಏನು, ಗೋಡೆ, ಒಲೆ, ಪಾತ್ರೆ.

ಹೆರಿಂಗ್ ತಿನ್ನುವಾಗ ನಿನ್ನ ಹಣೆಯಲ್ಲಿ ಬೆವರು ಕಂಡಿತ್ತು. ಒಲೆಯ ಕಾವು ಎಂದುಕೊಂಡೆ. “ಇನ್ನೊಂದ್ ತುಂಡು ಹಾಕ್ಕೊಳೋ, ಪಟ್ಟಣದ ಗಾಳಿಗೆ ಸೊರಗಿದೀಯ” ಎಂದು ಒತ್ತಾಯ ಮಾಡಿ ಹಾಕಿದವಳು ನಾನು. ಊರಿಗೆಲ್ಲಾ ಬಡಿಸಿದೆ, ನನ್ನ ಮನೆಯ ಹುಡುಗನ ಮುಖ ನೋಡಿ ಹಸಿವೋ ನೋವೋ ಎಂದು ತಿಳಿಯಲಿಲ್ಲ.

ಓಟ್ಸ್ ನೆನೆಸಿ, ಸೋಸಿ ತಿಳಿಗಂಜಿ ಮಾಡಿ ತಂದಿದ್ದೇನೆ. ಇಲ್ಲಿನ ರೈಲು ನಿಲ್ದಾಣದ ಹತ್ತಿರ ಒಬ್ಬ ಮುದುಕಿ ತನ್ನ ಒಲೆ ಕೊಟ್ಟಳು. ಉಪ್ಪು ಕೂಡ ಹಾಕಿಲ್ಲ. ಡಬ್ಬಿಗೆ ನನ್ನ ಶಾಲು ಸುತ್ತಿದ್ದೇನೆ, ಬಿಸಿಯಾಗಿದೆ. ಎರಡು ಚಮಚ ಕುಡಿ.

ಅಕ್ಕ


ಮೂರನೇ ಮಹಡಿ
9 ಮಾರ್ಚ್

ಅಕ್ಕ,

ಬಂದೆಯಾ! ಲುಕ್ಯಾನ್ ಮೊದಲು ಓದಿ ಹೇಳಿದಾಗ ನಂಬಲಿಲ್ಲ, ನಿನ್ನ ಅಕ್ಷರ ನೋಡಿದ ಮೇಲೆ ನಂಬಿದೆ.

ಗಂಜಿ ವಾಪಸು ಬರುತ್ತಿದೆ. ಕಳಿಸಿದ್ದು ನಾನಲ್ಲ ಅಕ್ಕ, ನರ್ಸು. ಬಾಯಿಂದ ಇನ್ನೂ ಏನೂ ಕೊಡುವಂತಿಲ್ಲವಂತೆ. ನಾನು ಬೇಡ ಎನ್ನಲಿಲ್ಲ. ದಯವಿಟ್ಟು ತಪ್ಪು ತಿಳಿಯಬೇಡ.

ವೇನ್ಯಾ


ಕೆಳಗಿನ ಕಿಟಕಿ
9 ಮಾರ್ಚ್

ವೇನ್ಯಾ,

ತಪ್ಪು ತಿಳಿಯಲಿಲ್ಲ ಕಣೋ. ಇಲ್ಲೇ ನಿಂತಿದ್ದೇನೆ. ಇನ್ನು ನೀನು ಏನು ವಾಪಸು ಕಳಿಸಿದರೂ ಹೋಗುವುದಿಲ್ಲ.

ಅಕ್ಕ